ನಾರಾಯಣಮ್ಮನ ಗಂಟು, ಬೈರಣ್ಣನ ಜೇಕು

ಆ ಬೆಳಗ್ಗೆ ಆಷಾಢದ ಗಾಳಿ ಕನಕಪುರ ರಸ್ತೆಯ ಕಡೆಯಿಂದ ಎದ್ದು ಜರಗನಹಳ್ಳಿಯ ಓಣಿಗಳಿಗೆಲ್ಲ ನುಗ್ಗಿತ್ತು. ಮೂರನೇ ಮಹಡಿಯ ಬಾಡಿಗೆಯವರ ಲುಂಗಿಯೊಂದು ಹಾರಿಬಂದು ಬೈರಣ್ಣನ ದಂಟಿನ ಸೊಪ್ಪಿನ ಪಾತಿಯ ಮೇಲೆ ಬಿದ್ದಿತ್ತು. ಮೋಡ ಹೊಟ್ಟೆ ತುಂಬಿಕೊಂಡೇ ಇತ್ತು, ಸುರಿಯುವ ಮನಸ್ಸು ಮಾತ್ರ ಮಾಡಿರಲಿಲ್ಲ. ಆಗೊಮ್ಮೆ ಈಗೊಮ್ಮೆ ನಾಲ್ಕು ತುಂತುರು ಎರಚಿ ಸುಮ್ಮನಾಗುತ್ತಿತ್ತು.

ಬೈರಣ್ಣ ಲುಂಗಿಯನ್ನು ಕೊಡವಿ ಕಾಂಪೌಂಡ್ ಗೋಡೆಯ ಮೇಲೆ ಹಾಕಿ ಮತ್ತೆ ಕಳೆ ಕೀಳಲು ಕುಳಿತ. ಒಂದು ಕಾಲಕ್ಕೆ ಮೂರು ಎಕರೆ ರಾಗಿ ಬೆಳೆದವನು. ಲೇಔಟು ಬಂತು, ರಸ್ತೆ ಬಂತು, ಹೊಲ ಹೋಯಿತು. ಹೋದದ್ದಕ್ಕೆ ಬದಲು ನಾಲ್ಕು ಬಾಡಿಗೆ ಮನೆಗಳಿರುವ ಈ ಕಟ್ಟಡ ಎದ್ದಿತು. ಮಣ್ಣು ಅಂತ ಉಳಿದದ್ದು ಹಿತ್ತಲಲ್ಲಿ ಹತ್ತು ಅಡಿ ಅಗಲದ ಒಂದು ಪಟ್ಟಿ. ದೀಪ ಹಚ್ಚಿ, ಕಾಲಭೈರವನ ಪಟಕ್ಕೆ ಕೈಮುಗಿದು, ಅಲ್ಲಿ ಬಂದು ಅರ್ಧ ಗಂಟೆ ಕೂತು ಮಣ್ಣು ಕೆದಕದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ಐವತ್ತೆಂಟರ ಮೈ ಇನ್ನೂ ಬಗ್ಗುತ್ತಿತ್ತು.

"ಮಾವ, ರೊಟ್ಟಿ ಆರೋಗ್ತದೆ, ಬನ್ನಿ" ಅಂತ ಸೊಸೆ ದಿವ್ಯ ಕೂಗಿದಳು.

ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಗ ಶಶಿಧರ್ ಆಗಲೇ ಅರ್ಧ ತಿಂದು ಫೋನು ನೋಡುತ್ತಿದ್ದ. ಒಂಬತ್ತಕ್ಕೆ ಅವನ ಪ್ಲಂಬಿಂಗ್ ಸಾಮಾನಿನ ಅಂಗಡಿ ತೆಗೆಯಬೇಕು. ದಿವ್ಯ ಮಾವನ ತಟ್ಟೆಗೆ ರೊಟ್ಟಿ ಹಾಕಿ ಅಲ್ಲೇ ನಿಂತಳು. ಮನೆಯ ಮುಂದಿನ ಶಟರ್ ಕೋಣೆಯಲ್ಲಿ ಅವಳದೊಂದು ಬ್ಲೌಸ್ ಹೊಲಿಯುವ ಅಂಗಡಿ. ಕತ್ತಿನಲ್ಲಿ ಅಳತೆ ಟೇಪು ಹಾವಿನ ಹಾಗೆ ಯಾವಾಗಲೂ ತೂಗುತ್ತಿರುತ್ತಿತ್ತು.

"ಒಂದು ವಿಷಯ ಹೇಳ್ಬೇಕು ಮಾವ. ಅತ್ತೆ ಬೈಕೋತಾರೆ, ಬೈಕೊಳ್ಳಲಿ."

"ಹೇಳ್ಬೇಡ ಅಂದಿದ್ನಲ್ಲ!" ಒಲೆಯ ಮುಂದಿನಿಂದ ನಾರಾಯಣಮ್ಮನ ದನಿ ಬಂತು.

"ನಿನ್ನೆ ಅತ್ತೆಗೆ ಶ್ರಾವಣಕ್ಕೆ ಬ್ಲೌಸ್ ಅಂತ ಅಳತೆ ತಗೊಂಡೆ. ಹಳೇ ಅಳತೆಗೂ ಈಗಿಂದಕ್ಕೂ ಎಡಗಡೆ ಮುಕ್ಕಾಲು ಇಂಚು ವ್ಯತ್ಯಾಸ. ಎಡಗಡೆ ಮಾತ್ರ. ಟೇಪು ಒತ್ತಿದ್ರೆ ಕೈ ತಳ್ಳಿದ್ರು. ಬಿಡಲಿಲ್ಲ ನಾನು, ಮುಟ್ಟಿ ನೋಡ್ದೆ. ಗಂಟಿದೆ ಮಾವ. ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದು. ಕಲ್ಲಿನ ಹಂಗಿದೆ."

ಶಶಿಧರ್ ಫೋನು ಕೆಳಗಿಟ್ಟ. ಬೈರಣ್ಣ ಒಲೆಯ ಕಡೆ ತಿರುಗಿದ.

"ಎಷ್ಟು ದಿನ ಆಯ್ತು ನಾರಾಯಣಿ?"

ನಾರಾಯಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿದಳು. "ಯುಗಾದಿ ಎಣ್ಣೆಸ್ನಾನದ ದಿನ ಕೈಗೆ ಸಿಕ್ತು. ನೋವಿಲ್ಲ ಏನಿಲ್ಲ. ನೋವಿಲ್ದೆ ಇರೋದನ್ನ ಏನಂತ ಹೇಳೋದು?"

"ಇವತ್ತೇ ಡಾಕ್ಟ್ರ ಹತ್ರ ಹೋಗೋಣ" ಅಂದಳು ದಿವ್ಯ.

"ಆಷಾಢ ಕಳೀಲಿ" ಅಂದ ಬೈರಣ್ಣ. ಆ ಮಾತು ಅವನ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. "ಅಷ್ಟರೊಳಗೆ ಸುಬ್ರಹ್ಮಣ್ಯಪುರದ ನಾಟಿವೈದ್ಯ ಪಾಪಯ್ಯನ ಹತ್ರ ಒಂದು ಸೊಪ್ಪಿನ ಪಟ್ಟು ಹಾಕಿಸ್ಕೊಂಡು ಬರೋಣ. ಕರಗಿದ್ರೂ ಕರಗ್ತದೆ."

"ಸೊಪ್ಪು ಅರೆದು ಕಟ್ಟಿದ್ರೆ ಕರಗೋಕೆ ಅದೇನು ಕುರು ಅಂದ್ಕೊಂಡ್ರಾ ಮಾವ?"

"ನೀನು ಬ್ಲೌಸ್ ಹೊಲಿಯಮ್ಮ. ಇದು ದೊಡ್ಡೋರ ವಿಷಯ."

"ಬ್ಲೌಸ್ ಹೊಲಿಯೋಳಿಗೇ ಗೊತ್ತಾಗಿದ್ದು. ದೊಡ್ಡೋರಿಗೆ ಮೂರು ತಿಂಗಳಿಂದ ಗೊತ್ತಾಗಿಲ್ಲ."

ಶಶಿಧರ್ ಹೆಂಡತಿಯ ಕಡೆ ಕಣ್ಣು ಬಿಟ್ಟ. ನಾರಾಯಣಮ್ಮ ಮಾತ್ರ ಯಾರ ಕಡೆಯೂ ನೋಡದೆ, "ಸ್ಕ್ಯಾನಿಂಗ್ ಮಾಡಿಸ್ಕೊಂಡು ಬರ್ತೀನಿ ಬಿಡಿ. ನೋಡೋದ್ರಲ್ಲಿ ಏನು ಹೋಗ್ತದೆ" ಅಂದು ಇನ್ನೊಂದು ರೊಟ್ಟಿ ತಟ್ಟಲು ಒಳಗೆ ಹೋದಳು.

*

ಸ್ಕ್ಯಾನಿಂಗ್ ಆಯಿತು. ಜಯನಗರದ ಕಡೆಯ ಆಸ್ಪತ್ರೆಯಲ್ಲಿ ಚಿತ್ರ ನೋಡಿದ ಡಾಕ್ಟರು, ಗಂಟಿನ ಅಂಚು ಒರಟಾಗಿದೆ, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು, ಬುಧವಾರ ಬನ್ನಿ ಅಂದಿದ್ದರು.

"ಸೂಜಿ ಗೀಜಿ ಬೇಡ" ಅಂದ ಬೈರಣ್ಣ. ಅಂದವನೇ ಮಗನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಸೊಪ್ಪಿನ ಪಾತಿಯ ತುದಿಯಲ್ಲಿ ಒಂದು ಗೇಣು ಎತ್ತರದ ಹಸಿರು ಹುಲ್ಲು ನೆಟ್ಟಗೆ ನಿಂತಿತ್ತು. ಬೈರಣ್ಣ ಅದರ ಪಕ್ಕಕ್ಕೆ ಗುದ್ದಲಿ ಹಾಕಿ ಮಣ್ಣು ಎಬ್ಬಿಸಿದ. ಕೆಳಗೆ ಕಡಲೆಕಾಳಿನಂಥ ಕಪ್ಪು ಗುಂಡುಗಳು ಸಣ್ಣ ದಾರದಲ್ಲಿ ಪೋಣಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದ ತಕ್ಷಣ ದಾರ ಹರಿದು ಅರ್ಧ ಗುಂಡು ಮಣ್ಣಲ್ಲೇ ಉಳಿದವು.

"ಇದು ಜೇಕು. ನಮ್ಮಪ್ಪನ ಬೆನ್ನು ಮುರಿದಿದ್ದು ಇದೇನೆ. ಗುದ್ದಲಿ ಹಾಕದೆ ಬಿಟ್ರೆ ಒಂದೇ ಒಂದು ಗಿಡ. ಹಾಕಿದ್ಯೋ, ಚೂರಾದ ಒಂದೊಂದೂ ಒಂದೊಂದು ಗಿಡ. ಹದಿನೈದು ದಿನಕ್ಕೆ ಪಾತಿ ತುಂಬ. ಗಂಟೂ ಹಂಗೇ ಕಣೋ. ಕಬ್ಬಿಣ ತಾಕಿಸೋವರ್ಗೂ ಇದ್ದ ಜಾಗದಾಗೆ ಇರ್ತದೆ."

"ಅಪ್ಪ, ಗಂಟಿಗೂ ಹುಲ್ಲಿಗೂ ಏನು ಸಂಬಂಧ?"

"ತಿಮ್ಮಕ್ಕನ್ನ ಕೇಳು ಏನು ಸಂಬಂಧ ಅಂತ."

ಶಶಿಧರ್ ತಲೆ ತಗ್ಗಿಸಿದ. ತಿಮ್ಮಕ್ಕ ಬೈರಣ್ಣನ ಅಕ್ಕ. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದು, ಶಶಿಯನ್ನು ಎತ್ತಿ ಆಡಿಸಿದವಳು. ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೂ ಎದೆಯಲ್ಲೇ ಗಂಟಾಗಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಎರಡೂವರೆ ತಿಂಗಳಿಗೆ ಹೋಗಿಬಿಟ್ಟಳು. ಮೂಳೆಗೆಲ್ಲ ಹರಡಿತ್ತು ಅಂತ ಹೇಳಿದರು.

"ಚೆನ್ನಾಗಿ ಓಡಾಡ್ಕೊಂಡಿದ್ಲು. ಕುಯ್ದ ಮೇಲೆ ಹರಡ್ತು. ಆ ಕಾಗದಕ್ಕೆ ಸೈನ್ ಹಾಕಿದ್ದು ಈ ಕೈ" ಅಂತ ಬೈರಣ್ಣ ಮಣ್ಣಾದ ಬಲಗೈ ತೋರಿಸಿದ. "ಇನ್ನೊಂದ್ಸಲ ಹಾಕಲ್ಲ."

ಆ ದಿನ ಮಧ್ಯಾಹ್ನದ ಊಟಕ್ಕೆ ಹುರುಳಿಕಾಳಿನ ಬಸ್ಸಾರು, ಮುದ್ದೆ. ಮುದ್ದೆ ಮುರಿಯುವ ಮೊದಲೇ ಜಗಳ ಶುರುವಾಯಿತು.

"ಪಾಲಿಸಿ ಇದೆ, ಖರ್ಚಿನ ಯೋಚನೆ ಇಲ್ಲ. ಮತ್ತಿನ್ನೇನು ನಿಮಗೆ?" ಅಂದಳು ದಿವ್ಯ.

"ದುಡ್ಡಿನ ಮಾತು ಯಾರು ಎತ್ತಿದ್ರು? ಅವಳು ಇರ್ಬೇಕು ಅಂತ ನಾನು ಹೇಳ್ತಿರೋದು."

"ಇರ್ಬೇಕು ಅಂತಾನೇ ನಾನೂ ಹೇಳ್ತಿರೋದು!"

"ಇಬ್ರೂ ನಿಲ್ಸಿ" ಅಂದಳು ನಾರಾಯಣಮ್ಮ. ದನಿ ಏರಿಸಲಿಲ್ಲ. ಗಂಡನ ತಟ್ಟೆಗೆ ಸಾರು ಬಿಟ್ಟು, ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. "ತಿಮ್ಮಕ್ಕನ ಮೈ ತೊಳೆದವಳು ನಾನು. ಅವಳ ಪಾಡು ನಿಮಗಿಂತ ನಂಗೆ ಜಾಸ್ತಿ ಗೊತ್ತು. ಒಳಗಿರೋದು ಏನು ಅಂತಾನೇ ಗೊತ್ತಿಲ್ದೆ ಅದನ್ನ ಹೊತ್ಕೊಂಡು ತಿರುಗೋಕೆ ನನ್ ಕೈಲಿ ಆಗಲ್ಲ. ಬುಧವಾರ ದಿವ್ಯನ ಜೊತೆ ಹೋಗ್ತೀನಿ. ನೀವು ಸೈನ್ ಹಾಕ್ಬೇಡಿ. ನನ್ ಮೈಗೆ ನಾನೇ ಹಾಕ್ಕೋತೀನಿ."

"ಆಷಾಢದಾಗೆ?"

"ಗಂಟು ಏನಾದ್ರೂ ಆಷಾಢ ಅಂತ ರಜಾ ತಗೊಂಡು ತವರಿಗೆ ಹೋಗಿದ್ಯಾ?"

ಶಶಿಧರ್‌ಗೆ ನಗು ತಡೆಯಲಾಗಲಿಲ್ಲ. ಬೈರಣ್ಣ ಮುದ್ದೆ ಅರ್ಧಕ್ಕೆ ಬಿಟ್ಟು ಕೈ ತೊಳೆದುಬಿಟ್ಟ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವನು ಮುದ್ದೆ ಬಿಟ್ಟು ಎದ್ದದ್ದು ಅದೇ ಮೊದಲು.

*

ಬುಧವಾರ ಅತ್ತೆ ಸೊಸೆ ಆಟೋದಲ್ಲಿ ಹೋಗಿ ಬಂದರು. ಬೈರಣ್ಣ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದ. ಹೆಂಡತಿ ಇಳಿದದ್ದು ನೋಡಿ ಎದ್ದು ಒಳಗೆ ಹೋದ. ಆ ವಾರವೆಲ್ಲ ಅವಳು ಹಾದುಹೋದಾಗಲೆಲ್ಲ ಅವನ ಕಣ್ಣು ಅವಳ ಎಡಗಡೆಗೇ ಹೋಗುತ್ತಿತ್ತು. ಹಿತ್ತಲಲ್ಲಿ, ಅವನೇ ಗುದ್ದಲಿ ಹಾಕಿದ್ದ ಜಾಗದಲ್ಲಿ, ಜೇಕು ಐದು ಕಡೆ ತಲೆಯೆತ್ತಿತ್ತು. ಅವನು ಎಣಿಸಿದ. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ರಿಪೋರ್ಟ್ ಬಂತು. ಬೆಳಗ್ಗೆ ನಾರಾಯಣಮ್ಮ ಅವನ ಬಿಳಿ ಅಂಗಿ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದಳು.

"ಇವತ್ತು ನೀವೂ ಬನ್ನಿ. ಜೇಕಿನ ವಿಷಯ ನನ್ ಹತ್ರ, ಶಶಿ ಹತ್ರ ಹೇಳಿದ್ದು ಸಾಕು. ಡಾಕ್ಟ್ರ ಹತ್ರಾನೇ ಕೇಳಿ. ಉತ್ತರ ಹೇಳೋಕಾಗದಿದ್ರೆ ಎದ್ದು ಬಂದುಬಿಡೋಣ."

ಡಾಕ್ಟರ್ ಮೇಘಶ್ರೀ ನಲವತ್ತರ ಹೆಂಗಸು. ಫೈಲು ತೆಗೆದು, ಸುತ್ತಿ ಬಳಸದೆ, "ಅಮ್ಮ, ಇದು ಕ್ಯಾನ್ಸರ್. ಗುಣ ಮಾಡೋಕೆ ಪ್ರಯತ್ನ ಪಡಬಹುದಾದ ಹಂತದಲ್ಲಿದೆ ಅಂತ ಕಾಣ್ತಿದೆ. ಬೇರೆ ಕಡೆ ಹೋಗಿದ್ಯಾ ಅಂತ ಇನ್ನೊಂದು ಸ್ಕ್ಯಾನ್ ನೋಡಿ ಹೇಳ್ತೀನಿ" ಅಂದರು.

ನಾರಾಯಣಮ್ಮ ತಲೆ ಆಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ಕೇಳಿ" ಅಂದಳು.

ಬೈರಣ್ಣ ಗಂಟಲು ಸರಿಮಾಡಿಕೊಂಡ. "ತಾಯಿ, ನಾನು ಮಣ್ಣಿನ ಮನುಷ್ಯ. ನಮ್ ಹೊಲದಾಗೆ ಜೇಕು ಅಂತ ಒಂದು ಹುಲ್ಲು..."

"ಗೊತ್ತು ಅಪ್ಪಾಜಿ. ನಮ್ದು ಮಾಗಡಿ ಕಡೆ. ರಜದಲ್ಲಿ ಅದನ್ನ ಕಿತ್ತೂ ಕಿತ್ತೂ ಉಗುರೆಲ್ಲ ಕಪ್ಪಾಗ್ತಿತ್ತು."

ಬೈರಣ್ಣನ ಬೆನ್ನು ಸ್ವಲ್ಪ ಸಡಿಲವಾಯಿತು. "ಹಂಗಾದ್ರೆ ನಿಮಗೇ ಗೊತ್ತು. ಕಬ್ಬಿಣ ತಾಕಿದ್ರೆ ಒಂದು ಹತ್ತಾಗ್ತದೆ. ನೀವು ಸೂಜಿ ಹಾಕಿದ್ರಿ. ಈಗ ಅದು ಒಳಗೆ ಓಡಲಿಲ್ವಾ?"

ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟರು. "ನಾನೊಂದು ಕೇಳ್ತೀನಿ. ಗುದ್ದಲಿ ಹಾಕದೆ ಬಿಟ್ರೆ ಜೇಕು ಸುಮ್ನೆ ಇರ್ತದಾ?"

ಬೈರಣ್ಣ ಯೋಚಿಸಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ... ಮೇಲೆ ಕಾಣಲ್ಲ. ಒಳಗೊಳಗೇ ದಾರ ಬಿಡ್ತದೆ."

"ಅಷ್ಟೇ ಅಪ್ಪಾಜಿ. ನಮ್ಮ ಮೈ ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣಗಳು. ಕೈ ಕುಯ್ಕೊಂಡ್ರೆ ಚರ್ಮ ಬೆಳೆದು ಮುಚ್ಚಿಕೊಳ್ತದೆ, ಮುಚ್ಚಿದ ಮೇಲೆ ನಿಲ್ತದೆ. ನಿಲ್ಲೋದು ಅದಕ್ಕೆ ಗೊತ್ತು. ಯಾವುದೋ ಒಂದು ಕಣ ಕೆಟ್ಟು, ನಿಲ್ಲೋದನ್ನ ಮರೆತುಬಿಡ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಗಂಟಾಗ್ತದೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಬೆನ್ನ ಮೇಲೆ ಕೊಬ್ಬಿನ ಗಂಟು ಇಟ್ಕೊಂಡು ಎಂಬತ್ತು ವರ್ಷ ಬಾಳೋರಿದಾರೆ. ಅದು ಬೆಳೆದ್ರೂ ತನ್ನ ಎಲ್ಲೆ ದಾಟಲ್ಲ. ಇದು ದಾಟೋ ಜಾತಿ. ಒತ್ತುವರಿ ಗೊತ್ತಲ್ಲ ನಿಮಗೆ?"

"ಜರಗನಹಳ್ಳಿಯೋರಿಗೆ ಒತ್ತುವರಿ ಹೇಳಿಕೊಡ್ಬೇಕಾ ತಾಯಿ!"

"ಹಾಗೆ ಪಕ್ಕದವರ ಜಾಗಕ್ಕೆ ನುಗ್ತದೆ. ಅಲ್ಲಿ ಎರಡು ಕಾಲುವೆ ಸಿಗ್ತವೆ. ಒಂದು ರಕ್ತದ್ದು. ಇನ್ನೊಂದು ದುಗ್ಧರಸ ಅಂತ, ಮೈಯೆಲ್ಲ ಹರಿಯೋ ತಿಳಿನೀರಿನಂಥದ್ದು. ಎದೆಯಿಂದ ಹೊರಟ ಆ ನೀರು ಹೆಚ್ಚಾಗಿ ಕಂಕುಳದ ಗ್ರಂಥಿಗಳನ್ನ ಹಾದೇ ಹೋಗ್ಬೇಕು. ಅದು ಚೆಕ್‌ಪೋಸ್ಟ್ ಇದ್ದ ಹಾಗೆ. ಬಿಡಿ ಕಣಗಳು ಈ ಕಾಲುವೆ ಹಿಡಿದು ಹೋಗಿ ಮೂಳೆಲೋ, ಶ್ವಾಸಕೋಶದಲ್ಲೋ, ಪಿತ್ತಜನಕಾಂಗದಲ್ಲೋ ಬೇರು ಬಿಡ್ತವೆ. ಅದಕ್ಕೆ ಕಬ್ಬಿಣ ಬೇಕಾಗಿಲ್ಲ, ಟೈಮ್ ಬೇಕು. ಸೂಜಿಯಿಂದ ಹರಡೋದು ತೀರಾ ಅಪರೂಪ. ಸೂಜಿ ಹೋದ ದಾರೀನೂ ನಾವು ಮುಂದೆ ಚಿಕಿತ್ಸೆ ಕೊಡೋ ಜಾಗದೊಳಗೇ ಬರ್ತದೆ."

"ಮತ್ತೆ ನಮ್ಮಕ್ಕ?" ಬೈರಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡ. ತಿಮ್ಮಕ್ಕನ ಕತೆಯೆಲ್ಲ ಹೇಳಿದ. ಡಾಕ್ಟರು ಕೊನೆಯವರೆಗೂ ಕೇಳಿದರು.

"ಗಂಟು ಕಂಡಿದ್ದು ಯಾವಾಗ? ಆಪರೇಷನ್ ಆಗಿದ್ದು ಯಾವಾಗ?"

"ಕಂಡಿದ್ದು ಗೌರಿಹಬ್ಬಕ್ಕೆ. ಕುಯ್ದಿದ್ದು ಯುಗಾದಿ ಕಳೆದು."

"ಮಧ್ಯೆ?"

"ಪಟ್ಟು ಹಾಕಿಸ್ದೆ. ನಾನೇ ಕರ್ಕೊಂಡು ಹೋಗ್ತಿದ್ದೆ. ಹದಿನೈದು ದಿನಕ್ಕೊಂದ್ಸಲ."

"ಕುಯ್ಯೋಕೆ ಮುಂಚೆ ಬೆನ್ನುನೋವು, ಸೊಂಟನೋವು ಅಂತಿದ್ರಾ?"

ಬೈರಣ್ಣ ಹೆಂಡತಿಯ ಕಡೆ ನೋಡಿದ. ಅವನಿಗಿಂತ ಮೊದಲು ನಾರಾಯಣಮ್ಮ ಮೆಲ್ಲಗೆ, "ದಿನಾ ಸಂಜೆ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡ್ತಿದ್ದೆ. ಕಳೆ ಕಿತ್ತು ಕಿತ್ತು ಸೊಂಟ ಹಿಡ್ಕೊಂಡಿದೆ ಅನ್ನೋಳು" ಅಂದಳು.

"ಆಗಿನ ಸ್ಕ್ಯಾನ್ ನೋಡದೆ ನಾನು ಖಂಡಿತ ಅಂತ ಹೇಳಲ್ಲ" ಅಂದರು ಡಾಕ್ಟರು. "ಆದ್ರೆ ಆಗಲೇ ಮೂಳೆಗೆ ಹೋಗಿತ್ತು ಅಂತ ಕಾಣ್ತದೆ. ಕತ್ತಿ ಹರಡಿಸಲಿಲ್ಲ ಅಪ್ಪಾಜಿ. ಕತ್ತಿ ಬರೋದು ತಡವಾಯ್ತು."

*

ಮನೆಗೆ ಬಂದ ಬೈರಣ್ಣ ಬಿಳಿ ಅಂಗಿಯಲ್ಲೇ ಹಿತ್ತಲ ಕಟ್ಟೆಯ ಮೇಲೆ ಕೂತ. ಹತ್ತೊಂಬತ್ತು ವರ್ಷ ಅವನು ಒಂದು ಪಾಪ ಹೊತ್ತಿದ್ದ, ಸೈನ್ ಹಾಕಿದ ಪಾಪ. ಇವತ್ತು ಅದು ಇಳಿಯಿತು. ಇಳಿದ ಜಾಗಕ್ಕೆ ಅದಕ್ಕಿಂತ ಭಾರದ್ದು ಬಂದು ಕೂತಿತು. ಸೈನ್ ಹಾಕಿದ್ದಕ್ಕಲ್ಲ, ಏಳು ತಿಂಗಳು ಹಾಕದೆ ಇದ್ದದ್ದಕ್ಕೆ.

ನಾರಾಯಣಮ್ಮ ಕಾಫಿ ತಂದಳು.

"ಅಕ್ಕನ್ನ ಕಾಯಿಸ್ದೋನು ನಾನೇ ನಾರಾಯಣಿ."

ಅವಳು ಅಲ್ಲಗಳೆಯಲಿಲ್ಲ. ಲೋಟ ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. "ಗೊತ್ತಿರಲಿಲ್ಲ ನಿಮಗೆ. ನಂಗೂ ಗೊತ್ತಿರಲಿಲ್ಲ. ಶಾಖ ಕೊಟ್ಟೋಳು ನಾನು. ಕಾಲಭೈರವನ ಮುಂದೆ ಇಬ್ರೂ ತಪ್ಪು ಒಪ್ಪಿಕೊಳ್ಳೋಣ. ಆದ್ರೆ ಅಕ್ಕನ ದುಃಖದಲ್ಲಿ ಕೂತು ನನ್ನ ಕಾಯಿಸ್ಬೇಡಿ. ಆ ಸ್ಕ್ಯಾನ್‌ಗೆ ನಾಳೇನೇ ಹೋಗೋಣ."

ಬೈರಣ್ಣ ಕಾಫಿ ಕುಡಿದ. ಕುಡಿದು, ಒಳಗೆ ಹೋಗಿ, ಮಗನಿಗೆ ಫೋನು ಮಾಡಿ ನಾಳೆ ಅಂಗಡಿ ತೆಗೆಯಬೇಡ ಅಂದ.

ಎರಡು ದಿನದ ಮೇಲೆ ಪಾಪಯ್ಯ ತಾನಾಗಿಯೇ ಬಂದ. ಯಾರೋ ಸುದ್ದಿ ಮುಟ್ಟಿಸಿದ್ದರು. ಎಪ್ಪತ್ತು ದಾಟಿದವನು, ಬಗಲಲ್ಲಿ ಬಟ್ಟೆಯ ಚೀಲ, ಚೀಲದಿಂದ ಹಸಿ ಸೊಪ್ಪಿನ ವಾಸನೆ. ಜಗಲಿಯ ಮೇಲೆ ಕೂತು, "ಏನ್ ಬೈರಣ್ಣ, ಕುಯ್ಸೋಕೆ ಒಪ್ಪಿದ್ಯಂತೆ? ಅಕ್ಕನಿಗೆ ಆಗಿದ್ದು ಮರೆತ್ಯಾ? ಒಂಬತ್ತು ಪಟ್ಟಿಗೆ ಇಳಿಸ್ತೀನಿ, ನೋಡ್ತಿರು" ಅಂದ.

ದಿವ್ಯ ಅಂಗಡಿಯಿಂದ ಕತ್ತರಿ ಹಿಡಿದೇ ಎದ್ದು ಬಂದಳು. ಬೈರಣ್ಣ ಕೈಸನ್ನೆಯಲ್ಲಿ ಅವಳನ್ನು ನಿಲ್ಲಿಸಿದ.

"ಪಾಪಯ್ಯ, ನೀನು ಮೋಸಗಾರ ಅಲ್ಲ. ಅಕ್ಕನ ಪಟ್ಟಿಗೆ ನನ್ನಿಂದ ಒಂದು ಪೈಸೆ ತಗೊಳ್ಳಲಿಲ್ಲ ನೀನು. ಕೂತ್ಕೋ, ಊಟ ಮಾಡ್ಕೊಂಡು ಹೋಗು. ಆದ್ರೆ ಆ ಚೀಲ ಬಿಚ್ಚಬೇಡ."

"ಅಂದ್ರೆ ನನ್ ಮದ್ದು ಸುಳ್ಳಾ?"

"ಕುರುವಿಗೆ ನಿಜ ಇರಬಹುದು. ಇದಕ್ಕೆ ಸುಳ್ಳು. ಇನ್ಮೇಲೆ ಯಾರಾದ್ರೂ ಹೆಣ್ಣುಮಗಳು ಎದೇಲಿ ಗಂಟು ಅಂತ ನಿನ್ ಹತ್ರ ಬಂದ್ರೆ, ಪಟ್ಟು ಹಾಕ್ಬೇಡ. ಆಸ್ಪತ್ರೆ ದಾರಿ ತೋರ್ಸು. ನಿನ್ ಕಾಲಿಗೆ ಬೀಳ್ತೀನಿ."

ಅಂದವನೇ ಬೀಳಲು ಬಗ್ಗಿಯೂ ಬಿಟ್ಟ. ಪಾಪಯ್ಯ ಗಾಬರಿಯಾಗಿ ಅವನ ಭುಜ ಹಿಡಿದುಕೊಂಡ. ಊಟಕ್ಕೆ ನಿಲ್ಲಲಿಲ್ಲ, ನೀರು ಕುಡಿದು ಹೋದ. ಚೀಲವನ್ನಂತೂ ಬಿಚ್ಚಲಿಲ್ಲ.

*

ಸ್ಕ್ಯಾನಿನಲ್ಲಿ ಮೂಳೆ, ಶ್ವಾಸಕೋಶ, ಪಿತ್ತಜನಕಾಂಗ ಎಲ್ಲ ಸ್ವಚ್ಛ. ಆಪರೇಷನ್‌ಗೆ ಆಷಾಢದ ಕೊನೆಯ ಗುರುವಾರ ದಿನ ಕೊಟ್ಟರು. ಅಷ್ಟರಲ್ಲಿ ಇನ್ನೊಂದು ತೊಡಕು ಬಂತು: ನಾರಾಯಣಮ್ಮನ ರಕ್ತದಲ್ಲಿ ಹಿಮೋಗ್ಲೋಬಿನ್ ಏಳೂವರೆಗಿಂತ ಕಮ್ಮಿ. ಎರಡು ಬಾಟಲಿ ಏರಿಸಿದರು. ರಕ್ತನಿಧಿಯವರು, ಸಾಧ್ಯವಾದರೆ ಬದಲಿಗೆ ಎರಡು ಬಾಟಲಿ ಕೊಡಿಸಿ ಅಂದರು. ಶಶಿಧರ್ ಅವತ್ತೇ ಒಂದು ಕೊಟ್ಟ. ದಿವ್ಯ ಕೊಡಲು ಹೋದರೆ ತೂಕ ನಲವತ್ತಮೂರು ಅಂತ ವಾಪಸು ಕಳಿಸಿದರು.

"ಇನ್ನೊಂದು ಮುದ್ದೆ ಹಾಕ್ಕೋ ಅಂತ ದಿನಾ ಬಡ್ಕೊಂಡೆ" ಅಂದಳು ನಾರಾಯಣಮ್ಮ ವಾರ್ಡಿನ ಹಾಸಿಗೆಯಿಂದ. "ಈಗ ನೋಡು, ಅಧಿಕೃತವಾಗಿ ಕಡ್ಡಿ ಅಂತ ಸರ್ಟಿಫಿಕೇಟ್ ಕೊಟ್ರು."

"ಇನ್ನೊಂದಕ್ಕೆ ನನ್ ಫ್ರೆಂಡ್ ಸೀನು ಬರ್ತಾನೆ" ಅಂದ ಶಶಿಧರ್.

ಆಪರೇಷನ್ ಆಯಿತು. ಎಡ ಎದೆಯ ಜೊತೆ ಕಂಕುಳದ ಗ್ರಂಥಿಗಳನ್ನೂ ತೆಗೆದಿದ್ದರು. ಶ್ರಾವಣದ ಮೊದಲ ಶನಿವಾರ ಅವಳು ಮನೆಗೆ ಬಂದಾಗ ದಿವ್ಯ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದಳು. ಆದರೆ ಮಧ್ಯಾಹ್ನ ಊಟಕ್ಕೆ ಕೂರುವಾಗ ನಾರಾಯಣಮ್ಮ ಅಟ್ಟದ ಮೇಲಿನ ಒಂದು ಹಳೆಯ ತಟ್ಟೆ, ಲೋಟ ತರಿಸಿ ತನ್ನ ಮುಂದೆ ಇಟ್ಟುಕೊಂಡಳು.

"ಇದೇನತ್ತೆ?"

"ಇರಲಿ ಬಿಡು. ತಿಮ್ಮಕ್ಕನಿಗೂ ಬೇರೆ ಇಟ್ಟಿದ್ದೆ ಆಗ. ನಂಗೊಂದು ನ್ಯಾಯ, ಅವಳಿಗೊಂದಾ?"

"ಅದು ಅಂಟಲ್ಲ ಅತ್ತೆ. ಜ್ವರ, ನೆಗಡಿ ಅಲ್ಲ ಅದು."

"ಗೊತ್ತಮ್ಮ ಈಗ. ಆದ್ರೂ..."

ಬೈರಣ್ಣ ತನ್ನ ತಟ್ಟೆ ಪಕ್ಕಕ್ಕೆ ಸರಿಸಿ, ಅವಳ ತಟ್ಟೆಯ ಮುದ್ದೆಯಿಂದ ಒಂದು ತುತ್ತು ಮುರಿದು, ಅವಳ ಸಾರಿಗೇ ಅದ್ದಿ ನುಂಗಿದ. "ಉಪ್ಪು ಕಮ್ಮಿ" ಅಂದ. ದಿವ್ಯ ನಗುತ್ತ ಎದ್ದು ಉಪ್ಪು ತಂದಳು. ಊಟವಾದ ಮೇಲೆ ಹಳೆಯ ತಟ್ಟೆಯನ್ನು ಎತ್ತಿಕೊಂಡು ಹೋಗಿ ಹೊಲಿಗೆ ಮೆಷಿನ್ ಎಣ್ಣೆಯ ಡಬ್ಬಿಗೆ ಅಡಿಪಾತ್ರೆ ಮಾಡಿಕೊಂಡಳು.

ಗ್ರಂಥಿಗಳ ರಿಪೋರ್ಟ್ ಬಂದ ದಿನ ಡಾಕ್ಟರು, ಹದಿನಾಲ್ಕರಲ್ಲಿ ಎರಡಕ್ಕೆ ಕ್ಯಾನ್ಸರ್ ಮುಟ್ಟಿದೆ ಅಂದರು. ಶಶಿಧರ್ ಮುಖ ಬಿಳಿಚಿತು. ಬೈರಣ್ಣ ಮಾತ್ರ ಮುಂದಕ್ಕೆ ಬಾಗಿ, "ಅಂದ್ರೆ ಚೆಕ್‌ಪೋಸ್ಟ್‌ವರೆಗೆ ಬಂದಿತ್ತು. ದಾಟಿದೆಯೋ ಇಲ್ವೋ ಗೊತ್ತಿಲ್ಲ. ಹೌದಾ ತಾಯಿ?" ಅಂತ ಕೇಳಿದ.

"ಸರಿಯಾಗಿ ಹೇಳಿದ್ರಿ ಅಪ್ಪಾಜಿ. ಒಂದೆರಡು ದಾಟಿದ್ರೂ ಸ್ಕ್ಯಾನ್‌ಗೆ ಕಾಣಲ್ಲ, ಅಷ್ಟು ಚಿಕ್ಕವು. ಅದಕ್ಕೇ ಮೈಯೆಲ್ಲ ಹರಿಯೋ ಔಷಧಿ ಕೊಡೋದು. ಕೀಮೋ. ಮೂರು ವಾರಕ್ಕೊಂದರ ಹಾಗೆ ಆರು ಸಲ."

ಮೊದಲನೆಯದು ಹೇಗೋ ಕಳೆಯಿತು. ಎರಡನೆಯದಕ್ಕೆ ಮೊದಲೇ ಕೂದಲು ಬಾಚಣಿಗೆಗೆ ಬಂತು. ಎರಡನೆಯದು ಆದ ಮೇಲೆ ಒಗ್ಗರಣೆಯ ಘಾಟು ಬಂದರೆ ಸಾಕು, ನಾರಾಯಣಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಮನೆಯಲ್ಲಿ ಒಗ್ಗರಣೆ ನಿಂತಿತು. ಹುಟ್ಟಿದಾಗಿನಿಂದ ಒಲೆ ಹಚ್ಚದ ಬೈರಣ್ಣ ರಾಗಿ ಅಂಬಲಿ ಕಾಯಿಸಲು ಕಲಿತ. ಮೊದಲ ದಿನ ಗಂಟುಗಂಟಾಯಿತು.

"ನೋಡಿ, ಇಲ್ಲೂ ಗಂಟು ಬಿಡಲಿಲ್ಲ ನೀವು" ಅಂದಳು ನಾರಾಯಣಮ್ಮ. ಅಂದವಳು ಲೋಟ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿದಳು. "ಸಾಕು ರೀ. ಗಂಟು ಹೋಯ್ತಲ್ಲ. ಈ ಔಷಧಿ ಬೇಡ ನಂಗೆ. ಬಾಯೆಲ್ಲ ಹುಣ್ಣು. ಇನ್ನು ಹೋಗಲ್ಲ ನಾನು."

"ಹೋಗ್ತೀಯ."

"ನನ್ ಮೈ, ನನ್ ಇಷ್ಟ ಅಂದಿದ್ದೆ."

"ಅಂದಿದ್ದೆ. ಅವತ್ತು ನೀನು ಸರಿ, ನಾನು ತಪ್ಪು. ಇವತ್ತು ನಾನು ಸರಿ. ಮೇಲೆ ಕಾಣೋ ಹುಲ್ಲು ಕಿತ್ತು, ಪಾತಿ ಚೊಕ್ಕ ಆಯ್ತು ಅಂತ ಕೈ ತೊಳ್ಕೊಂಡು ಹೋಗೋನು ರೈತ ಅಲ್ಲ. ಒಳಗೆ ಒಂದು ಚೂರು ಉಳಿದಿದ್ರೆ?" ಬೈರಣ್ಣ ಲೋಟ ಮತ್ತೆ ಎತ್ತಿಕೊಂಡ. "ಇನ್ನು ನಾಲ್ಕು ಸಲ. ನಾಲ್ಕು ಸಲವೂ ಪಕ್ಕದಲ್ಲಿ ನಾನು ಕೂತಿರ್ತೀನಿ. ಬೈಬೇಕು ಅನ್ನಿಸಿದ್ರೆ ಬಯ್ಯಿ. ಈ ಗಂಟೆಲ್ಲ ಸೋಸ್ಕೊಂಡು ಬರ್ತೀನಿ, ಕುಡಿ."

"ಸೂಜಿ ತಾಕಿಸ್ಬೇಡಿ ಅಂತ ಮುದ್ದೆ ಬಿಟ್ಟು ಎದ್ದೋಗಿದ್ರು ಒಬ್ರು" ಅಂದು ಈ ಕಡೆ ತಿರುಗಿ ಕೈ ಚಾಚಿದಳು.

*

ದಸರಾ ಕಳೆದ ಸೋಮವಾರ. ಮೂರನೆಯ ಕೀಮೋ ಮುಗಿದಿತ್ತು. ತಿಂಡಿಯ ಹೊತ್ತಿಗೆ ಶಶಿಧರ್ ಫೋನು ನೋಡಿ ನಾಲಗೆ ಕಚ್ಚಿಕೊಂಡ. "ಥೂ, ಆ ಬ್ಲಡ್ ಬ್ಯಾಂಕಿನೋರು ಮತ್ತೆ ಮೆಸೇಜ್ ಹಾಕಿದಾರೆ. ಸೀನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಎರಡು ತಿಂಗಳು ತಳ್ಳಿಬಿಟ್ಟ. ನಂದು ಮೂರು ತಿಂಗಳಾಗೋವರ್ಗೂ ತಗೊಳ್ಳಲ್ಲ."

"ಯಾರಾದ್ರೂ ಸಿಗ್ತಾರೆ ಬಿಡಿ" ಅಂದಳು ದಿವ್ಯ.

ಬೈರಣ್ಣ ಎರಡು ರೊಟ್ಟಿ ತಿಂದ. ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಕೊತ್ತಂಬರಿ ಬೀಜ ತರಬೇಕು ಅಂತ ಹೇಳಿ ಬಸ್ಸು ಹತ್ತಿದ.

ರಕ್ತನಿಧಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಪ್ರಸನ್ನ ಅನ್ನುವ ಹುಡುಗ ಮೇಜಿನ ಹಿಂದೆ ಕೂತಿದ್ದ.

"ನಾರಾಯಣಮ್ಮ ಅಂತ, ಜುಲೈಯಲ್ಲಿ ಎರಡು ತಗೊಂಡಿದ್ವಿ. ಒಂದು ಬಾಕಿ ಇದೆ. ನಾನು ಕೊಡಬಹುದಾ?"

"ವಯಸ್ಸೆಷ್ಟು ಅಂಕಲ್?"

"ಐವತ್ತೆಂಟು."

"ಮೊದಲನೇ ಸಲಾನಾ? ಅರವತ್ತರೊಳಗೆ ಓಕೆ. ಆದ್ರೆ ಕೊಡ್ಲೇಬೇಕು ಅಂತ ಬಲವಂತ ಏನಿಲ್ಲ, ಮೆಸೇಜ್ ತಾನಾಗೇ ಹೋಗುತ್ತೆ. ಸ್ಟಾಕ್ ಕಮ್ಮಿ ಇದೆ ಅಂತ ಅಷ್ಟೆ."

"ಬಲವಂತಕ್ಕೆ ಬಂದಿಲ್ಲಪ್ಪ ನಾನು."

ಬೆರಳಿಗೆ ಚುಚ್ಚಿ ಒಂದು ಹನಿ ನೋಡಿದರು. ಬಿಪಿ ನೋಡಿದರು. ತೂಕ ನೋಡಿದರು. ಸಕ್ಕರೆ, ಹೃದಯ, ಹಳೆಯ ಕಾಯಿಲೆ ಅಂತ ಇಪ್ಪತ್ತು ಪ್ರಶ್ನೆ ಕೇಳಿದರು. ಡಾಕ್ಟರೊಬ್ಬರು ಬಂದು ತಲೆ ಆಡಿಸಿದರು. ಬೈರಣ್ಣ ಚಪ್ಪಲಿ ಬಿಟ್ಟು, ಒರಗುವ ಕುರ್ಚಿಯ ಮೇಲೆ ಮಲಗಿದ. ಮನಸ್ಸಿನಲ್ಲೇ ಒಮ್ಮೆ ಭೈರವನನ್ನು ನೆನೆದ. ಪ್ರಸನ್ನ ಸೂಜಿಯ ಪೊಟ್ಟಣ ಒಡೆದ. ದೊಡ್ಡ ಸೂಜಿಯೇ.

"ಆ ಕಡೆ ನೋಡಿ ಅಂಕಲ್, ಭಯ ಆದ್ರೆ."

"ನೋಡ್ತೀನಿ ಬಿಡು. ಇದು ಯಾರಿಗ್ ಹೋಗ್ತದೆ?"

"ಗೊತ್ತಿಲ್ಲ. ಮೇಲೆ ವಾರ್ಡಲ್ಲಿ ಯಾರೋ ಒಬ್ರು ಕಾಯ್ತಾನೇ ಇರ್ತಾರೆ."

"ಹಂಗಾದ್ರೆ ತಡ ಮಾಡ್ಬೇಡ" ಅಂದ ಬೈರಣ್ಣ, ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ.